ಬೆಳಕನ್ನು ಮಾರ್ಪಡಿಸುವ ನ್ಯಾನೋ ಕಣಗಳು: ವರ್ತಕರ ಗಮನಕ್ಕೆ

ಸಸ್ಯಗಳು ದ್ಯುತಿಸಂಶ್ಲೇಷಣೆಗೆ ಮುಖ್ಯವಾಗಿ ಬಳಸುವುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. 'ಕಾರ್ಬನ್ ಡಾಟ್' ಎಂಬ ಅತಿಸೂಕ್ಷ್ಮ ಕಣಗಳು ನೇರಳಾತೀತ ಕಿರಣವನ್ನು ಹೀರಿ, ಪತ್ರಹರಿತ್ತಿಗೆ ಒದಗುವ ನೀಲಿ ಅಥವಾ ಕೆಂಪು ಬೆಳಕನ್ನು ಹೊರಸೂಸುತ್ತವೆ. ಇವನ್ನು ಎಲೆಗೆ ಸಿಂಪಡಿಸಬಹುದು. ಹಸಿರುಮನೆಯ ಹಾಳೆಯಲ್ಲಿಯೂ ಬೆರೆಸಬಹುದು.

ಆದರೆ ಅರಸೀಕೆರೆ, ಹರಪನಹಳ್ಳಿ ಸೀಮೆಯ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಬೆಳಕಿಗಿಂತ ನೀರಿನ ಕೊರತೆಯೇ ಹೆಚ್ಚು. ನೀರು ಸಾಲದಾದಾಗ ಎಲೆಯ ರಂಧ್ರಗಳು ಮುಚ್ಚಿಕೊಂಡು ಇಂಗಾಲದ ಡೈಆಕ್ಸೈಡ್ ಒಳಸೇರದು. ಆಗ ಹೆಚ್ಚುವರಿ ಬೆಳಕು ಲೆಕ್ಕಕ್ಕೆ ಬಾರದು. ಇಂತಹ ದ್ರಾವಣವನ್ನು ರೈತರಿಗೆ ಉದ್ರಿ ಕೊಟ್ಟ ವರ್ತಕರ ಬಾಕಿಯೂ, ಬೆಳೆ ಕೈಕೊಟ್ಟರೆ, ವಸೂಲಾಗುವುದು ಕಷ್ಟ.

ಜೈವಿಕ ಉತ್ತೇಜಕಗಳು 2021ರಿಂದ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಆದುದರಿಂದ ದಾಸ್ತಾನು ಮಾಡುವ ಮುನ್ನ ಉತ್ಪನ್ನದ ಅಧಿಸೂಚನೆಯ ಪ್ರತಿಯನ್ನೂ, ಒಣಭೂಮಿಯಲ್ಲಿ ನಡೆಸಿದ ಪ್ರಯೋಗದ ವರದಿಯನ್ನೂ ತಯಾರಕರಿಂದ ಲಿಖಿತವಾಗಿ ಪಡೆಯತಕ್ಕದ್ದು.