ಲಾರಿ ಕ್ಯಾಬಿನ್ನಿನಲ್ಲಿ ವಿದ್ಯುತ್ ಬಳಕೆ: ಬ್ಯಾಟರಿಯ ಲೆಕ್ಕ ತಿಳಿದಿರಲಿ

ಚಿತ್ತಾಕುಲ, ಸದಾಶಿವಗಡ, ಮಾಜಾಳಿ ಭಾಗದ ರೈತರು ಬೆಳೆದ ತರಕಾರಿ, ತೆಂಗು, ಹಣ್ಣು-ಹಂಪಲುಗಳು ಪಿಕಪ್ ಗಾಡಿ ಇಲ್ಲವೆ ಲಾರಿಗಳಲ್ಲಿ ಕಾರವಾರಕ್ಕೂ ಗೋವೆಯ ಪೇಟೆಗಳಿಗೂ ಹೋಗುತ್ತವೆ. ಅಂಕೋಲೆಯ ಕರಿ ಇಶಾಡ ಮಾವು ಅರೆಬೈಲ ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಗೂ ಸಾಗುತ್ತದೆ. ಮಾಲು ಹೇರಿಕೊಂಡು ರಾತ್ರಿ ಪೇಟೆ ಸೇರಿ, ಬೆಳಗಿನ ಹರಾಜಿನವರೆಗೆ ಗಾಡಿಯಲ್ಲಿಯೇ ಮಲಗುವುದು ರೂಢಿ. ಆಗ ಕ್ಯಾಬಿನ್ನಿನಲ್ಲಿ ಚಿಕ್ಕ ಫ್ಯಾನು, ದೀಪ, ಮೊಬೈಲ್ ಚಾರ್ಜರುಗಳು ಬೇಕಾಗುತ್ತವೆ. ಇವೆಲ್ಲಕ್ಕೂ ವಿದ್ಯುತ್ ಬರುವುದು ಗಾಡಿಯ ಬ್ಯಾಟರಿಯಿಂದ. ಲೆಕ್ಕವಿಲ್ಲದೆ ಬಳಸಿದರೆ ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಹರಾಜು ತಪ್ಪಿ ಮಾಲು ಬಾಡುತ್ತದೆ. ತಪ್ಪಾಗಿ ಜೋಡಿಸಿದರೆ ಗಾಡಿಗೇ ಬೆಂಕಿ ಬೀಳಬಹುದು.

12 ವೋಲ್ಟೋ, 24 ವೋಲ್ಟೋ?

ಪಿಕಪ್, ಚಿಕ್ಕ ಟೆಂಪೋ ಹಾಗೂ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ 12 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಯಾವುದೇ ಉಪಕರಣ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು. 12 ವೋಲ್ಟಿನ ಫ್ಯಾನನ್ನು 24 ವೋಲ್ಟಿಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಮೊಬೈಲ್ ಚಾರ್ಜರಿನ ಮೇಲೆ 12–24 ವೋಲ್ಟ್ ಎಂದು ಬರೆದಿದ್ದರೆ ಅದು ಎರಡಕ್ಕೂ ಹೊಂದುತ್ತದೆ.

ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳ ಪೈಕಿ ಒಂದರಿಂದಲೇ 12 ವೋಲ್ಟ್ ಎಳೆದುಕೊಳ್ಳುವ ರೂಢಿಯುಂಟು. ಇದು ಸರಿಯಲ್ಲ. ಆ ಒಂದು ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಇನ್ನೊಂದಕ್ಕೆ ಮಿತಿಮೀರಿ ಚಾರ್ಜ್ ಆಗುತ್ತದೆ. ಕೊನೆಗೆ ಎರಡೂ ಹಾಳಾಗುತ್ತವೆ. 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಪೆಟ್ಟಿಗೆಯನ್ನು ಹಾಕಿಸುವುದೇ ಯೋಗ್ಯ.

ಲೆಕ್ಕ ಮಾಡುವ ರೀತಿ

ವೋಲ್ಟನ್ನು ಅಂಪೇರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ವ್ಯಾಟನ್ನು ತಾಸುಗಳಿಂದ ಗುಣಿಸಿದರೆ ಒಟ್ಟು ಬಳಕೆ ತಿಳಿಯುತ್ತದೆ. ಬ್ಯಾಟರಿಯ ಮೇಲೆ ಅಂಪೇರ್-ಅವರ್ ಎಂದು ಅದರ ಶಕ್ತಿಯನ್ನು ಬರೆದಿರುತ್ತಾರೆ. ಉದಾಹರಣೆಗೆ, ಒಂದು ಪಿಕಪ್ಪಿನಲ್ಲಿ 12 ವೋಲ್ಟಿನ, 80 ಅಂಪೇರ್-ಅವರಿನ ಬ್ಯಾಟರಿ ಇದೆ ಎಂದುಕೊಳ್ಳೋಣ. ಅದರಲ್ಲಿ ಒಟ್ಟು 960 ವ್ಯಾಟ್-ತಾಸಿನ ಶಕ್ತಿ ಇರುತ್ತದೆ. ಆದರೆ ಇದು ಇಂಜಿನನ್ನು ಚಾಲೂ ಮಾಡಲು ಇರುವ ಬ್ಯಾಟರಿ. ಒಮ್ಮೆಲೆ ಹೆಚ್ಚು ಕರೆಂಟು ಕೊಟ್ಟು ತಕ್ಷಣ ಮತ್ತೆ ತುಂಬಿಕೊಳ್ಳಲು ಅದನ್ನು ರಚಿಸಿರುತ್ತಾರೆ. ಪದೇ ಪದೇ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಆದ್ದರಿಂದ ಕಾಲು ಭಾಗಕ್ಕಿಂತ, ಅಂದರೆ 240 ವ್ಯಾಟ್-ತಾಸಿಗಿಂತ ಹೆಚ್ಚು ತೆಗೆಯದಿರುವುದು ಲೇಸು.

ಒಂದು ರಾತ್ರಿಯ ಬಳಕೆ ಹೀಗಿರಬಹುದು:

15 ವ್ಯಾಟಿನ ಫ್ಯಾನು, 8 ತಾಸು – 120 ವ್ಯಾಟ್-ತಾಸು
5 ವ್ಯಾಟಿನ ಎಲ್.ಇ.ಡಿ. ದೀಪ, 3 ತಾಸು – 15 ವ್ಯಾಟ್-ತಾಸು
ಎರಡು ಮೊಬೈಲ್ ಫೋನುಗಳು, ಪೂರ್ತಿ ಚಾರ್ಜ್ – ಸುಮಾರು 50 ವ್ಯಾಟ್-ತಾಸು
ಒಟ್ಟು – 185 ವ್ಯಾಟ್-ತಾಸು

ಇದು ಮಿತಿಯೊಳಗೇ ಇದೆ. ಇನ್ನು, ಇನ್ವರ್ಟರ್ ಜೋಡಿಸಿ 500 ವ್ಯಾಟಿನ ಅನ್ನದ ಕುಕ್ಕರನ್ನು ಅರ್ಧ ತಾಸು ನಡೆಸಿದರೆ ಏನಾಗುತ್ತದೆ? ಇನ್ವರ್ಟರಿನಲ್ಲಿಯೇ ಸುಮಾರು ಶೇಕಡಾ 15 ರಷ್ಟು ಶಕ್ತಿ ನಷ್ಟವಾಗುವುದರಿಂದ ಬ್ಯಾಟರಿ 590 ವ್ಯಾಟ್ ಕೊಡಬೇಕಾಗುತ್ತದೆ. ಕರೆಂಟು 49 ಅಂಪೇರಿಗೆ ಏರುತ್ತದೆ. ಅರ್ಧ ತಾಸಿನಲ್ಲಿಯೇ 295 ವ್ಯಾಟ್-ತಾಸು ಖರ್ಚಾಗಿ ಮಿತಿ ದಾಟುತ್ತದೆ. ಕಾಯಿಸುವ, ಬೇಯಿಸುವ ಉಪಕರಣಗಳು ಗಾಡಿಯ ಬ್ಯಾಟರಿಗೆ ತಕ್ಕವಲ್ಲವೆಂಬುದು ಇದರಿಂದ ಸ್ಪಷ್ಟ.

ಬ್ಯಾಟರಿ ಹಳೆಯದಾಗಿ ಅದರ ಶಕ್ತಿ ಅರ್ಧಕ್ಕೆ ಇಳಿದಿದ್ದರೆ ಮಿತಿಯೂ 120 ವ್ಯಾಟ್-ತಾಸಿಗೆ ಇಳಿಯುತ್ತದೆ. ಆಗ ಫ್ಯಾನೊಂದೇ ಅದನ್ನು ಮುಗಿಸುತ್ತದೆ. ಹೋದ ವರ್ಷ ನಡೆದದ್ದು ಈ ವರ್ಷ ಏಕೆ ನಡೆಯುತ್ತಿಲ್ಲ ಎಂಬ ಪ್ರಶ್ನೆಗೆ ಅನೇಕ ವೇಳೆ ಉತ್ತರ ಇದೇ.

ವೋಲ್ಟ್ ಮೀಟರ್ ಹೇಳುವುದೇನು?

ಸಾಕೆಟ್ಟಿಗೆ ಚುಚ್ಚುವ ಚಿಕ್ಕ ವೋಲ್ಟ್ ಮೀಟರು ಕಡಿಮೆ ಬೆಲೆಗೆ ಸಿಗುತ್ತದೆ. ಇಂಜಿನ್ ನಿಲ್ಲಿಸಿ ಎರಡು ಮೂರು ತಾಸಿನ ನಂತರ, ಏನನ್ನೂ ಬಳಸದೆ ಇರುವಾಗ ನೋಡಬೇಕು. ಸೀಸ-ಆಮ್ಲದ 12 ವೋಲ್ಟಿನ ಬ್ಯಾಟರಿ 12.6 ಅಥವಾ 12.7 ತೋರಿಸಿದರೆ ಪೂರ್ತಿ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಎಂದು ಸ್ಥೂಲವಾಗಿ ತಿಳಿಯಬಹುದು. 24 ವೋಲ್ಟಿನ ಗಾಡಿಗೆ ಇವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಇಂಜಿನ್ ಓಡುತ್ತಿರುವಾಗ ಮೀಟರು 13.8 ರಿಂದ 14.4 ರವರೆಗೆ ತೋರಿಸದಿದ್ದರೆ ಆಲ್ಟರ್ನೇಟರನ್ನೂ ಬೆಲ್ಟನ್ನೂ ಪರೀಕ್ಷಿಸಬೇಕು.

ಚಿತ್ತಾಕುಲದಿಂದ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಹೋಗಿಬರುವಷ್ಟೇ ಓಡಾಟವಿರುವ ಗಾಡಿಯಲ್ಲಿ ರಾತ್ರಿ ಖರ್ಚಾದ ಶಕ್ತಿ ಪೂರ್ತಿ ಮರಳಿ ತುಂಬುವುದಿಲ್ಲ. ಅಂಥ ಗಾಡಿಯಲ್ಲಿ ಬಳಕೆಯನ್ನು ಇನ್ನಷ್ಟು ಮಿತಗೊಳಿಸಬೇಕು.

ತಂತಿ ಮತ್ತು ಫ್ಯೂಸು

ಬ್ಯಾಟರಿಯಲ್ಲಿ ಇರುವುದು ಹನ್ನೆರಡೇ ವೋಲ್ಟು, ಅದರಿಂದ ಅಪಾಯವಿಲ್ಲ ಎಂಬ ಭಾವನೆ ತಪ್ಪು. ಧನ ತಂತಿ ಸವೆದು ಗಾಡಿಯ ಕಬ್ಬಿಣಕ್ಕೆ ತಾಗಿದರೆ ನೂರಾರು ಅಂಪೇರು ಹರಿದು ತಂತಿ ಕೆಂಪಗೆ ಕಾಯುತ್ತದೆ. ಪಕ್ಕದಲ್ಲಿಯೇ ಡೀಸೆಲ್ ಕೊಳವೆ, ಸೀಟಿನ ಸ್ಪಂಜು ಇರುತ್ತವೆ. ಆದ್ದರಿಂದ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಲೇಬೇಕು. ಫ್ಯೂಸನ್ನು ಆರಿಸಬೇಕಾದದ್ದು ತಂತಿಯ ದಪ್ಪಕ್ಕೆ ತಕ್ಕಂತೆ. 2.5 ಚದರ ಮಿ.ಮೀ. ತಾಮ್ರದ ತಂತಿಗೆ 15 ಅಂಪೇರಿನ ಫ್ಯೂಸು ಸಾಕು. ಹೋದ ಫ್ಯೂಸಿನ ಜಾಗಕ್ಕೆ ತಂತಿಯ ಎಳೆ ಇಲ್ಲವೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಸಾಗಿಸುವುದು ಬೆಂಕಿಯನ್ನು ಕರೆದಂತೆ.

ಸಿಗರೇಟ್ ಲೈಟರಿನ ಸಾಕೆಟ್ಟು ಹೆಚ್ಚಾಗಿ 10 ಅಂಪೇರಿಗೆ, ಅಂದರೆ 12 ವೋಲ್ಟಿನಲ್ಲಿ 120 ವ್ಯಾಟಿಗೆ ಮಾತ್ರ ತಕ್ಕದ್ದು. ಅದಕ್ಕಿಂತ ದೊಡ್ಡ ಇನ್ವರ್ಟರನ್ನು ಅದರಲ್ಲಿ ಚುಚ್ಚಬಾರದು. ಇನ್ವರ್ಟರಿನಿಂದ ಹೊರಡುವ 230 ವೋಲ್ಟ್ ಮನೆಯ ವಿದ್ಯುತ್ತಿನಷ್ಟೇ ಪ್ರಾಣಾಂತಿಕ. ಒದ್ದೆ ಕೈಯಿಂದ ಮುಟ್ಟಕೂಡದು. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಬಳೆ ಹಾಕಿಸಬೇಕು.

ಕರಾವಳಿಯ ಉಪ್ಪುಗಾಳಿಗೆ ತಾಮ್ರ ಬೇಗ ಹಸಿರುಗಟ್ಟುತ್ತದೆ. ಸಡಿಲವಾದ, ಕಿಲುಬು ಹಿಡಿದ ಜೋಡಣೆ ಬಿಸಿಯಾಗುತ್ತದೆ. ತಿಂಗಳಿಗೊಮ್ಮೆ ಬ್ಯಾಟರಿಯ ತುದಿಗಳನ್ನು ಕಳಚಿ, ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಗಿದ ಮೇಲೆ ವ್ಯಾಸಲೀನು ಸವರಬೇಕು. ಕಳಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಬ್ಯಾಟರಿಯ ಹತ್ತಿರ ಬೀಡಿ, ಕಡ್ಡಿ ಸಲ್ಲದು. ಚಾರ್ಜ್ ಆಗುವಾಗ ಹೊರಡುವ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ.

ರಸ್ತೆ ಬಂದಾದಾಗ

2024ರ ಜುಲೈ 16 ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಹೆದ್ದಾರಿಯ ಸಂಚಾರ ಹಲವು ದಿನ ನಿಂತಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಲಾಯಿತು. ಮಳೆಗಾಲದ ಪ್ರಯಾಣದಲ್ಲಿ ಇಂಥ ಸಂದರ್ಭ ಎಂದಾದರೂ ಬರಬಹುದು. ಆಗ ಗಾಡಿಯ ಬ್ಯಾಟರಿಯೊಂದನ್ನೇ ನಂಬಿರಬಾರದು. ಪೂರ್ತಿ ಚಾರ್ಜ್ ಮಾಡಿದ ಪವರ್ ಬ್ಯಾಂಕು ಮತ್ತು ಕೈ ಬ್ಯಾಟರಿಯನ್ನು ನೀರು ತಾಗದ ಚೀಲದಲ್ಲಿ ಮೈ ಹತ್ತಿರವೇ ಇಟ್ಟುಕೊಳ್ಳಬೇಕು. ಗಾಡಿ ನಿಂತ ಕೂಡಲೇ ಫ್ಯಾನು, ಹಾಡು ಬಂದು ಮಾಡಿ, ಫೋನನ್ನು ಕರೆಗಾಗಿ ಉಳಿಸಬೇಕು. ತುರ್ತು ಕರೆಯ ಸಂಖ್ಯೆ 112.

ಸೆಕೆಯೆಂದು ಇಂಜಿನ್ ಚಾಲೂ ಇಟ್ಟು ಕ್ಯಾಬಿನ್ ಮುಚ್ಚಿ ಮಲಗುವ ರೂಢಿ ಬಹಳ ಅಪಾಯದ್ದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವನು ಏಳದೆಯೇ ಹೋಗಬಹುದು. ಕಿಟಕಿಗೆ ಸೊಳ್ಳೆ ಪರದೆ ಕಟ್ಟಿ 15 ವ್ಯಾಟಿನ ಫ್ಯಾನು ಹಚ್ಚುವುದೇ ಸುರಕ್ಷಿತ.

ಪ್ರತಿ ರಾತ್ರಿಯೂ ಗಾಡಿಯಲ್ಲಿ ತಂಗುವವರು ಬೇರೆಯೇ ಒಂದು ಬ್ಯಾಟರಿಯನ್ನು, ಇಂಜಿನ್ ನಿಂತಾಗ ಮುಖ್ಯ ಬ್ಯಾಟರಿಯಿಂದ ಬೇರ್ಪಡುವಂತೆ, ನುರಿತ ಎಲೆಕ್ಟ್ರಿಶಿಯನ್ನರಿಂದ ಹಾಕಿಸಿಕೊಳ್ಳುವುದು ಉತ್ತಮ.

ನೆನಪಿಡಬೇಕಾದ ಅಂಶಗಳು

1. ಬ್ಯಾಟರಿಯ ಕಾಲು ಭಾಗ ಮಾತ್ರ ಬಳಕೆಗೆ, ಉಳಿದದ್ದು ಸೆಲ್ಫಿಗೆ.
2. ಫ್ಯೂಸಿಲ್ಲದೆ ಯಾವ ತಂತಿಯನ್ನೂ ಎಳೆಯಬಾರದು.
3. 24 ವೋಲ್ಟಿನ ಗಾಡಿಯಲ್ಲಿ ಒಂದೇ ಬ್ಯಾಟರಿಯಿಂದ ವಿದ್ಯುತ್ ತೆಗೆಯಬಾರದು.
4. ಅಡಿಗೆಯ ಉಪಕರಣಗಳನ್ನು ಬ್ಯಾಟರಿಯ ಮೇಲೆ ನಡೆಸಬಾರದು.
5. ಇಂಜಿನ್ ಚಾಲೂ ಇಟ್ಟು ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಬಾರದು.