ಬ್ಯಾಟರಿ ರಿಕ್ಷಾದ ಬ್ರೇಕಿನ ತಂತಿ

ದಿಲ್ಲಿಯಲ್ಲಿ ಮೆಟ್ರೋ ಇಳಿದ ನಮ್ಮನ್ನು ಗಲ್ಲಿಯ ಬಾಯಿಗೆ ತಲುಪಿಸುವುದು ಬ್ಯಾಟರಿ ರಿಕ್ಷಾ. 2014ರಲ್ಲಿ ದಿಲ್ಲಿ ಹೈಕೋರ್ಟು ಇವನ್ನು ತಡೆದಿತ್ತು. 2015ರ ಕಾಯಿದೆ ತಿದ್ದುಪಡಿಯಿಂದ ಇವಕ್ಕೆ ಕಾನೂನಿನ ನೆಲೆ ದೊರೆಯಿತು. ಓಡಿಸುವ ಬಂಧುಗಳಿಗೂ ಕುಳಿತು ಹೋಗುವವರಿಗೂ ಈ ಪಾಠ.

ಇದರ ಬ್ರೇಕು ಚಕ್ರವನ್ನು ಹಿಡಿಯುವುದು ಸರಳು ಇಲ್ಲವೆ ಕೇಬಲ್ಲಿನ ಎಳೆತದಿಂದ. ವಿದ್ಯುತ್ತಿನ ಕೆಲಸ ಬೇರೆ. ಪೆಡಲಿನ ಬಳಿ ಚಿಕ್ಕ ಸ್ವಿಚ್ಚೊಂದಿದೆ. ತುಳಿದೊಡನೆ ಅದು ಹಿಂದಿನ ಕೆಂಪು ದೀಪವನ್ನು ಹೊತ್ತಿಸಿ, ಮೋಟಾರನ್ನು ನಿಲ್ಲಿಸುವಂತೆ ಕಂಟ್ರೋಲರಿಗೆ ಸೂಚನೆ ಕೊಡುತ್ತದೆ.

ಮಳೆಗಾಲದ ಕೆಸರು ಹೊಕ್ಕು ಈ ಸ್ವಿಚ್ಚು ಒತ್ತಿದಂತೆಯೇ ಅಂಟಿಕೊಂಡರೆ ಗಾಡಿ ಕದಲದು. ಆಗ ರಸ್ತೆಬದಿಯ ಮಿಸ್ತ್ರಿ ಬ್ರೇಕಿನ ತಂತಿಯನ್ನೇ ಕಿತ್ತುಬಿಡುತ್ತಾನೆ. ಗಾಡಿ ಓಡುತ್ತದೆ, ಸವಾರಿ ಸಿಗುತ್ತದೆ, ತಂತಿ ಮರೆತುಹೋಗುತ್ತದೆ. ಅಮೆರಿಕದಲ್ಲಿ ಕಾರಿನ ಹಿಂದೆ ಎಳೆಯುವ ಮನೆಗಾಡಿಗಳ ಬ್ರೇಕನ್ನು ಒತ್ತುವುದೇ ವಿದ್ಯುತ್ ಅಯಸ್ಕಾಂತ. ಅಲ್ಲಿ ತಂತಿ ಕಡಿದರೆ ಕೂಡಲೇ ಗೊತ್ತಾಗುತ್ತದೆ. ನಮ್ಮಲ್ಲಿ ಬ್ರೇಕು ಹಿಡಿಯುತ್ತಲೇ ಇರುವುದರಿಂದ ಯಾರಿಗೂ ತಿಳಿಯದು. ಒಂದು ದಿನ ಹ್ಯಾಂಡಲಿನ ವೇಗದ ಹಿಡಿ ಅಂಟಿಕೊಂಡಾಗ, ಬ್ರೇಕು ತುಳಿದರೂ ಮೋಟಾರು ಜನರ ಮೇಲಕ್ಕೆ ಎಳೆಯುತ್ತದೆ.

ಪರೀಕ್ಷೆ ಸುಲಭ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಎರಡನ್ನೂ ಜಾಕಿನಿಂದೆತ್ತಿ ಭದ್ರವಾದ ಆಧಾರ ಕೊಡಿರಿ. ಹಿಡಿಯನ್ನು ತುಸುವೇ ತಿರುಗಿಸಿ, ಪೆಡಲನ್ನು ಲಘುವಾಗಿ ಒತ್ತಿರಿ. ಶೂ ಚಕ್ರವನ್ನು ಹಿಡಿಯುವ ಮೊದಲೇ ಮೋಟಾರಿನ ಸದ್ದು ಅಡಗಬೇಕು. ದೀಪ ಹತ್ತಿಯೂ ಸದ್ದು ಅಡಗದಿದ್ದರೆ ಕಂಟ್ರೋಲರಿಗೆ ಹೋಗುವ ತಂತಿಯನ್ನು ನೋಡಿರಿ. ಸದ್ದು ಅಡಗಿ ದೀಪ ಹತ್ತದಿದ್ದರೆ ಬಲ್ಬು ಅಥವಾ ಅದರ ಅರ್ತು. ತುಳಿಯದೆಯೂ ದೀಪ ಉರಿಯುತ್ತಿದ್ದರೆ ಸ್ವಿಚ್ಚು ಅಂಟಿದೆ. ಹೊಸದನ್ನು ಹಾಕಿಸಿರಿ, ಅದಕ್ಕೆ ಒಂದು ದಿನದ ದುಡಿಮೆಯೂ ಬೇಡ.

ತಂತಿ ಮುಟ್ಟುವ ಮುನ್ನ ಸೀಟಿನ ಕೆಳಗಿನ ಎಂಸಿಬಿಯನ್ನು ಇಳಿಸಿ, ಕೈಯ ಕಡಗ, ಗಡಿಯಾರ ತೆಗೆದಿಡಿರಿ. 12 ವೋಲ್ಟಿನ ನಾಲ್ಕು ಬ್ಯಾಟರಿ ಸೇರಿ 48 ವೋಲ್ಟು. ಅಷ್ಟೇನೆ ಎನ್ನಬೇಡಿ, ಎರಡು ತುದಿಗಳಿಗೆ ಸ್ಪ್ಯಾನರು ಅಡ್ಡ ಬಿದ್ದರೆ ಕೆಂಡವಾಗುತ್ತದೆ. ಅಂದಾಜಿನಿಂದ ತಂತಿ ಜೋಡಿಸಲೂ ಬೇಡಿ. ಕೆಲವು ಕಂಟ್ರೋಲರುಗಳು ಸೂಚನೆಗೆ 12 ವೋಲ್ಟು ಬಯಸುತ್ತವೆ, ಕೆಲವು ಅರ್ತು. ತಪ್ಪಿದರೆ ಕಂಟ್ರೋಲರು ಸುಡಬಹುದು.

ದಾರಿಯಲ್ಲಿ ತಂತಿ ಬಿಚ್ಚಲೇಬೇಕಾಗಿ ಬಂದರೆ ಹ್ಯಾಂಡಲಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಸವಾರಿ ಹತ್ತಿಸದೆ ನಿಧಾನವಾಗಿ ರಿಪೇರಿಗೆ ಒಯ್ಯಿರಿ. ತಂತಿ ಮರಳಿ ಸೇರಿದ ಮೇಲೆಯೇ ಬಟ್ಟೆ ಬಿಚ್ಚತಕ್ಕದ್ದು.