ಕಾರಿನ ನಕ್ಷತ್ರ, ನಮ್ಮ ರಸ್ತೆ

ಟಿ.ವಿ.ಯಲ್ಲಿ ಕಾರಿನ ಜಾಹೀರಾತು ನೋಡಿದ್ದೀರಲ್ಲವೇ? ಈ ಕಾರಿಗೆ ಐದು ನಕ್ಷತ್ರ, ಹೆಂಡತಿ ಮಕ್ಕಳಿಗೆ ಭಯವಿಲ್ಲ ಅಂತಾರೆ. ಏನಿದು ನಕ್ಷತ್ರ?

2023ರಲ್ಲಿ ನಮ್ಮ ದೇಶದಲ್ಲಿ 'ಭಾರತ್ ಎನ್‌ಕ್ಯಾಪ್' ಎಂಬ ಪರೀಕ್ಷೆ ಶುರುವಾಯಿತು. ಕಾರಿನಲ್ಲಿ ಮನುಷ್ಯರ ಬದಲು ಗೊಂಬೆ ಕೂರಿಸುತ್ತಾರೆ. ಗೊಂಬೆಗೆ ಸೀಟ್ ಬೆಲ್ಟ್ ಹಾಕುತ್ತಾರೆ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರನ್ನು ತಡೆಗೆ ಗುದ್ದಿಸುತ್ತಾರೆ. ಗೊಂಬೆಗೆ ಪೆಟ್ಟು ಕಡಿಮೆಯಾದರೆ ನಕ್ಷತ್ರ ಹೆಚ್ಚು. ಇದು ಸುಳ್ಳಲ್ಲ. ಒಳ್ಳೆಯ ಪರೀಕ್ಷೆಯೇ.

ಆದರೆ ನಾವು ಹೋಗುವುದು ಹೇಗೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲಿ ನೋಡಿದರೂ ಗಾಡಿ ತುಂಬ ಜನ. ಬೆಲ್ಟ್ ಇಲ್ಲ. ಮಗು ಮಡಿಲಲ್ಲಿ. ಹೀಗೆ ಕೂತವರಿಗೆ ಆ ನಕ್ಷತ್ರ ಲೆಕ್ಕಕ್ಕಿಲ್ಲ.

2022ರ ಆಗಸ್ಟ್ 25. ಶಿರಾ ತಾಲ್ಲೂಕು ಕಳ್ಳಂಬೆಳ್ಳದ ಹತ್ತಿರ ಕ್ರೂಸರ್ ಗಾಡಿಗೂ ಲಾರಿಗೂ ಡಿಕ್ಕಿಯಾಯಿತು. ಗಾಡಿಯಲ್ಲಿ 20ಕ್ಕೂ ಹೆಚ್ಚು ಜನರಿದ್ದರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. 9 ಜನ ಸತ್ತರು.

ನಾವೇನು ಮಾಡಬಹುದು?

ಕಾರಿನಲ್ಲಿ ಹಿಂದೆ ಕೂತರೂ ಬೆಲ್ಟ್ ಹಾಕೋಣ.

ಮಗುವನ್ನು ಮಡಿಲಲ್ಲಿಟ್ಟು ಮುಂದಿನ ಸೀಟಿನಲ್ಲಿ ಕೂರುವುದು ಬೇಡ. ಡಿಕ್ಕಿಯಾದಾಗ ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡರೂ ಮಗು ಕೈ ಜಾರುತ್ತದೆ.

ಸೀಟಿಗಿಂತ ಹೆಚ್ಚು ಜನ ಹತ್ತುವುದು ಬೇಡ.

"ಹತ್ತದಿದ್ದರೆ ಕೂಲಿ ಹೋಗುತ್ತಲ್ಲ?" ಅಂತೀರಿ. ನಿಜ. ಒಬ್ಬಳೇ ಕೇಳಿದರೆ ಮೇಸ್ತ್ರಿ ಗದರಿಸುತ್ತಾನೆ. ಹತ್ತು ಜನ ಸೇರಿ, "ಇನ್ನೊಂದು ಗಾಡಿ ತರಿಸಣ್ಣಾ" ಅಂದರೆ ಕೇಳಲೇಬೇಕಾಗುತ್ತದೆ.

ಓದಿ, ಮಾತಾಡಿ:
1. ಪರೀಕ್ಷೆಯ ಗೊಂಬೆಗೆ ಏನು ಹಾಕಿರುತ್ತಾರೆ?
2. ನಿಮ್ಮೂರಿನ ಗಾಡಿಯಲ್ಲಿ ಸೀಟು ಎಷ್ಟು? ಕೂರುವವರು ಎಷ್ಟು?